ಬಿಸಿಲು ಉಣ್ಣುವ ಗಡಿಯಾರ

ಕಳೆದ ಮೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ, ಹೊಸಪೇಟೆ ಬಸ್ ನಿಲ್ದಾಣದ ಹತ್ತಿರದ ಒಂದು ಅಂಗಡಿಯಲ್ಲಿ ನನ್ನ ಸೋದರಮಾವ ಕೈಗಡಿಯಾರ ಕೊಂಡರು. ಬಿಸಿಲಿನಿಂದ ಓಡುವ ಗಡಿಯಾರ, ಬೆಲೆ ಮೂರು ಸಾವಿರದ ಒಳಗೆ. ಹತ್ತೂ ಹತ್ತಕ್ಕೆ ಏಕೆ ಕೊಳ್ಳಲಿಲ್ಲ, ಹತ್ತೂ ಹನ್ನೊಂದಾಗುವವರೆಗೆ ಏಕೆ ಕಾದರು ಎಂಬುದಕ್ಕೂ ಕಾರಣವಿದೆ. ಹೊತ್ತು ತಿಳಿಯುವುದಕ್ಕಾಗಿ ನಮ್ಮ ಮಾಮನಷ್ಟು ಹೊತ್ತು ಕಳೆದವರು ಈ ಸೀಮೆಯಲ್ಲಿ ಇನ್ನೊಬ್ಬರಿದ್ದರೆ ಅವರನ್ನು ನನಗೆ ತೋರಿಸಬೇಡಿ. ನನಗೆ ಈಗಾಗಲೇ ಸುಸ್ತಾಗಿದೆ.

ಆ ಗಡಿಯಾರಕ್ಕಾಗಿ ಅವರು ಆರು ತಿಂಗಳು ಹುಡುಕಿದರು. ಆ ಆರು ತಿಂಗಳ ಭಾನುವಾರಗಳೆಲ್ಲ ನನ್ನವು. ನಾನು ಹೊಸಪೇಟೆಯಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಬೇರೆಯವರು ಬರೆದದ್ದನ್ನು ತಿದ್ದುವುದು, ಹೇಳಿದ್ದು ನಿಜವೇ ಎಂದು ಕೇಳುವುದು ನನ್ನ ಕೆಲಸ. ವಾರಕ್ಕೊಂದು ರಜೆ. ಆ ಒಂದು ರಜೆಯ ಬೆಳಿಗ್ಗೆ ಕಂಪ್ಲಿಯ ಮೊದಲ ಬಸ್ಸಿಗೆ ಮಾಮ ಬಂದು ಬಾಗಿಲಲ್ಲಿ ನಿಂತು, "ಅಳಿಯಾ, ಎದ್ದೀಯೇನು?" ಎನ್ನುತ್ತಿದ್ದರು. ಏಳದೆ ಏನು ಮಾಡಲಿ?

ಮಾಮ ಕಂಪ್ಲಿ ಕಡೆಯ ಕಾಲುವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಗೇಟು ಏರಿಸುವುದು, ಇಳಿಸುವುದು, ತೂಬಿನ ನೀರನ್ನು ಪಾಳಿಯಂತೆ ಗದ್ದೆಗಳಿಗೆ ಹಂಚುವುದು ಅವರ ಕೆಲಸ. ಅವರ ತೂಬಿನ ಕೆಳಗೆ ಏಳು ಜನರ ಗದ್ದೆಗಳಿವೆ. ಇವರಿಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಆಮೇಲೆ ಅವರಿಗೆ ಎಂಬ ಲೆಕ್ಕ. ಅಲ್ಲಿ ನೀರಿಗಿಂತ ಗಡಿಯಾರಕ್ಕೆ ಜಗಳ ಹೆಚ್ಚು.

ಈಗ ಮೂರು ವರ್ಷದ ಹಿಂದೆ, ಮಾಮನ ನೌಕರಿಯ ಕೊನೆಯ ವರ್ಷದಲ್ಲಿ ನಡೆದದ್ದಿಷ್ಟು. ಅಂದು ಸಂಜೆ ಆರಕ್ಕೆ ಮೇಲಿನ ಕಾಲುವೆಯನ್ನೇ ಬಂದ್ ಮಾಡುವುದಿತ್ತು. ಕೊನೆಯ ಗದ್ದೆ ಹುಲಿಗೆಮ್ಮ ಎಂಬ ಹೆಣ್ಣುಮಗಳದು. ಒಂದೂವರೆ ಎಕರೆ, ಒಬ್ಬಳೇ ದುಡಿಮೆ. ನಾಲ್ಕರಿಂದ ಆರು ಅವಳ ಪಾಳಿ. ಮಾಮ ತೂಬಿನ ಮೇಲೆ ಕೂತು ಗಡಿಯಾರ ನೋಡಿದರು: ಮೂರೂ ನಲವತ್ತು. ಬೀಡಿ ಹಚ್ಚಿದರು, ಮಾತಾಡಿದರು, ಮತ್ತೆ ನೋಡಿದರು. ಮೂರೂ ನಲವತ್ತು. ಇನ್ನೂ ಹೊತ್ತಿದೆ ಎಂದುಕೊಂಡರು. ಕಾಲುವೆಯ ನೀರೇ ಇಳಿಯತೊಡಗಿದಾಗ ಅವರಿಗೆ ಗೊತ್ತಾಯಿತು, ಗಡಿಯಾರದ ಸೆಲ್ ಮುಗಿದಿದೆ ಎಂದು. ಅಷ್ಟು ಹೊತ್ತು ನೀರು ಹರಿದದ್ದು ಆರನೆಯ ಗದ್ದೆಗೆ. ಆ ಗದ್ದೆಯ ಯಜಮಾನರು ಪಕ್ಕದಲ್ಲೇ ಕೂತಿದ್ದರು, ಅವರ ಜೇಬಿನಲ್ಲಿ ಮೊಬೈಲ್ ಇತ್ತು. ಅಂದು ಆ ಮೊಬೈಲೂ ಬಾಯಿ ಬಿಡಲಿಲ್ಲ, ಯಜಮಾನರೂ ಬಿಡಲಿಲ್ಲ. ಹುಲಿಗೆಮ್ಮನ ಬತ್ತ ಹೊಡೆ ಬಿಚ್ಚಿ ತೆನೆ ಹೊರಡುವ ಹೊತ್ತು. ಮುಂದಿನ ಸರದಿಗೆ ನೀರು ಬರುವಷ್ಟರಲ್ಲಿ ಅರ್ಧ ಗದ್ದೆ ಜೊಳ್ಳಾಗಿತ್ತು.

ಹುಲಿಗೆಮ್ಮ ಜಗಳ ಮಾಡಲಿಲ್ಲ. ಒಂದೇ ಮಾತು ಕೇಳಿದಳಂತೆ: "ಅಣ್ಣಾ, ಏಳು ಮಂದ್ಯಾಗ ನಿನ್ನ ಗಡ್ಯಾರ ನನ್ನ ಪಾಳಿಗೇ ನಿಂತಿತೇನು?"

ಅಲ್ಲಿಂದ ಮಾಮನ ಮನೆಯಲ್ಲಿ ಸೆಲ್ ಎಂಬ ಪದಾರ್ಥಕ್ಕೆ ನಿಷೇಧ. ಬ್ಯಾಟರಿ ದೀಪದ ಸೆಲ್ ತೆಗೆದರು, ಗೋಡೆ ಗಡಿಯಾರದ್ದು ತೆಗೆದರು, ಟಿವಿ ರಿಮೋಟಿನದೂ ತೆಗೆದರು. ರಿಮೋಟು ಏನು ಮಾಡಿತ್ತು ಎಂದು ಕೇಳಬಹುದು. ನಾನೂ ಕೇಳಿದೆ. "ಇವತ್ತು ರಿಮೋಟು, ನಾಳಿ ಗಡ್ಯಾರ. ಒಂದೇ ಜಾತಿ ಅವು" ಎಂದರು. ಅತ್ತೆ ಅಕ್ಕಿ ಗಿರಣಿಯ ಸದ್ದು ಕೇಳಿ ಒಲೆ ಹಚ್ಚಲು ಕಲಿತರು. ಗಿರಣಿಗೆ ರಜೆ ಇದ್ದ ದಿನ ಊಟ ತಡ!

ಮಾಮ ನಿವೃತ್ತರಾದರೂ ಆ ಏಳು ಜನ ಪಾಳಿ ನೋಡಲು ಅವರನ್ನೇ ಕರೆದರು. ಅವರ ಮೇಲೆ ಭಾರಿ ನಂಬಿಕೆ ಇತ್ತೆಂದಲ್ಲ, ಒಬ್ಬರ ಮೇಲೊಬ್ಬರಿಗೆ ಅಷ್ಟೂ ಇರಲಿಲ್ಲ. ಮಾಮನಿಗೆ ಅಲ್ಲಿ ಗದ್ದೆಯಿಲ್ಲ, ಅದೇ ಅವರ ಅರ್ಹತೆ. ಅಪ್ಪನ ಕಾಲದ ಕೀಲಿ ಕೊಡುವ ಗಡಿಯಾರ ಕಟ್ಟಿಕೊಂಡು ಹೋಗುತ್ತಿದ್ದರು. ಅದು ದಿನಕ್ಕೆ ಐದು ನಿಮಿಷ ಮುಂದೆ ಓಡುತ್ತಿತ್ತು. ಮಾಮ ದಿನಕ್ಕೆ ಐದು ನಿಮಿಷ ಹಿಂದೆ ತಿರುಗಿಸುತ್ತಿದ್ದರು. ಇಬ್ಬರೂ ಹೊಂದಿಕೊಂಡಿದ್ದರು. ಕಳೆದ ಡಿಸೆಂಬರಿನಲ್ಲಿ ಅದೂ ನಿಂತಿತು. ರಿಪೇರಿಯವರು ಕಣ್ಣಿಗೆ ಹಾಕಿದ್ದ ಭೂತಗನ್ನಡಿ ತೆಗೆದು, "ಇದರ ಸಾಮಾನು ಬರಂಗಿಲ್ರಿ ಯಜಮಾನ್ರ" ಎಂದರು. ಜುಲೈಯಲ್ಲಿ ಕಾಲುವೆಗೆ ನೀರು ಬರುತ್ತದೆ. ಅಷ್ಟರೊಳಗೆ ನಿಲ್ಲದ ಗಡಿಯಾರವೊಂದು ಬೇಕು, ಅದೂ ಅವರ ಪಿಂಚಣಿಗೆ ಎಟಕುವಂಥದ್ದು.

"ಮೊಬೈಲ್ ನೋಡಬಾರದಾ ಮಾಮಾ?" ಎಂದೆ.

"ಅದರಾಗಿರೋದು ಏನು? ಸೆಲ್ಲೇ ಅಲ್ಲ? ದೊಡ್ಡ ಸೆಲ್ಲು!"

ಬಿಸಿಲಿಗೆ ಓಡುವ ಗಡಿಯಾರ ಉಂಟು ಎಂದು ಅವರಿಗೆ ಹೇಳಿದವನು ನಾನೇ. ಇದನ್ನು ಇಲ್ಲಿ ದಾಖಲಿಸದೆ ವಿಧಿಯಿಲ್ಲ.

ಮೊದಲ ಭಾನುವಾರ ಅಂಗಡಿಗೆ ಹೋದೆವು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಗಡಿಯಾರಗಳು. ಮಾಮ ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ನೋಡಿದರು. ಮುಖ ಬಿಗಿಯಾಯಿತು.

"ಏನ್ರಿ ಇದು? ಎಲ್ಲಾವೂ ಹತ್ತೂ ಹತ್ತಕ್ಕ ನಿಂತಾವಲ್ಲ! ನಿಂತ ಗಡ್ಯಾರ ಮಾರಾಕ ಕುಂತೀರೇನು?"

ಅಂಗಡಿಯವರು ಒಳ್ಳೆಯವರು. "ಹಂಗಲ್ರಿ, ಕೀಲಿ ಎಳದಿಟ್ಟೀವಿ. ಹತ್ತೂ ಹತ್ತು ಇಟ್ರ ನೋಡಾಕ ಚಂದ ಕಾಣತಾವ."

"ಗಡ್ಯಾರ ಚಂದ ಕಾಣಾಕ ನಿಲ್ಲಬೇಕೇನು? ಓಡಿದ್ರ ಸಾಕಪಾ, ಕುರೂಪಿ ಆದ್ರೂ ಅಡ್ಡಿಯಿಲ್ಲ."

ಅಂಗಡಿಯವರು ಸೌರ ಗಡಿಯಾರವೊಂದನ್ನು ತೆಗೆದು ವಿವರಿಸಿದರು. ಮುಖಕ್ಕೆ ಬೆಳಕು ಬಿದ್ದರೆ ಚಾರ್ಜ್ ಆಗುತ್ತದೆ, ಪೂರ್ತಿ ಚಾರ್ಜ್ ಆದರೆ ಕತ್ತಲಲ್ಲೂ ತಿಂಗಳುಗಟ್ಟಲೆ ಓಡುತ್ತದೆ. ಮಾಮನ ಮುಖ ಅರಳಿತು. ಅಷ್ಟಕ್ಕೆ ಸುಮ್ಮನಾಗಿದ್ದರೆ ನನ್ನ ಇಪ್ಪತ್ತು ಭಾನುವಾರ ಉಳಿಯುತ್ತಿದ್ದವು. ಆದರೆ ಆ ಪ್ರಾಮಾಣಿಕ ಮನುಷ್ಯ ಒಂದು ವಾಕ್ಯ ಸೇರಿಸಿದರು: "ಒಳಗ ಚಾರ್ಜ್ ಆಗೋ ಸಣ್ಣ ಸೆಲ್ ಇರತೈತ್ರಿ."

ಮಾಮ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟರು.

ಅವರನ್ನು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿಸಲು ಸಂಕ್ರಾಂತಿ ಕಳೆಯಬೇಕಾಯಿತು. ಕೊನೆಗೆ ಒಂದು ದಿನ ಚಹಾ ಕುಡಿಯುವಾಗ ಹೇಳಿದೆ: "ಅದು ಸೆಲ್ ಅಲ್ಲ ಮಾಮಾ, ಡ್ಯಾಮ್ ಇದ್ದಂಗ. ಬಿಸಿಲು ಬಂದಾಗ ತುಂಬಿಕೊಳ್ತೈತಿ, ಇಲ್ಲದಾಗ ಸ್ವಲ್ಪ ಸ್ವಲ್ಪ ಬಿಡತೈತಿ."

ಮಾಮ ಬಸಿಯಲ್ಲಿದ್ದ ಚಹಾ ಮುಗಿಸುವವರೆಗೆ ಯೋಚಿಸಿದರು.

"ಹೂಳು ತುಂಬಂಗಿಲ್ಲೇನು?"

"ಭಾಳ ವರ್ಷಕ್ಕೆ ತುಂಬತೈತಿ. ಹತ್ತು ವರ್ಷ ಬರತೈತಂತ."

"ಹಂಗಾದ್ರ ನಮ್ಮ ಡ್ಯಾಮಿಗಿಂತ ವಾಸಿ" ಎಂದು ಒಪ್ಪಿದರು.

ಒಪ್ಪಿದರು ಎಂದರೆ ಕೊಂಡರು ಎಂದಲ್ಲ. ಅಂಗಡಿಯವರ ಮಾತಿನ ಮೇಲೆ ಸರಕು ಕೊಳ್ಳುವುದು ಅವರಿಗೆ ಸರಿ ಕಾಣಲಿಲ್ಲ. "ಕಟ್ಟಿಕೊಂಡವರನ್ನ ಕೇಳಬೇಕು" ಎಂದರು. ಈ ಒಂದು ವಿಷಯದಲ್ಲಿ ನಾನು ಅವರನ್ನು ಟೀಕಿಸಲಾರೆ. ನಮ್ಮ ಕಚೇರಿಗೆ ಬರುವ ಹೊಸಬರಿಗೆ ನಾನು ಹೇಳುವುದೂ ಅದನ್ನೇ. ಆದರೆ ಹೊಸಬರು ನನ್ನನ್ನು ಬಸ್ಸಿಗೆ ಹತ್ತಿಸುವುದಿಲ್ಲ.

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ನಮ್ಮ ದೂರದ ನೆಂಟನೊಬ್ಬನಿದ್ದಾನೆ. ಗಣಿಯಲ್ಲಿ ಕೆಲಸ. ಅವನ ಹತ್ತಿರ ಸೌರ ಗಡಿಯಾರ ಇದೆಯೆಂಬ ಸುದ್ದಿ ಸಿಕ್ಕಿತು. ಎರಡು ಬಸ್ಸು ಬದಲಿಸಿ, ಒಂದು ತಾಸು ನಿಂತು ಹೋದೆವು. ಅವನು ಆಗತಾನೇ ಪಾಳಿ ಮುಗಿಸಿ ಬಂದಿದ್ದ. ಹುಬ್ಬಿನಿಂದ ಹಿಮ್ಮಡಿಯವರೆಗೆ ಕೆಂಪು. ಗಡಿಯಾರವೂ ಕೆಂಪು. ಮಾಮ ನೀರು ಕುಡಿಯುವುದಕ್ಕೂ ಮುಂಚೆ ಅವನ ಕೈ ಹಿಡಿದು, ಧೋತರದ ಚುಂಗಿನಿಂದ ಗಡಿಯಾರದ ಗಾಜು ಒರೆಸಿ, ಕಿವಿಗಿಟ್ಟುಕೊಂಡು ಕೇಳಿದರು.

"ನಿಂತೈತೇನಪಾ ಯಾವಾಗರೆ?"

"ಒಮ್ಮಿ ನಿಂತಿತ್ತು ಕಾಕಾ. ಮಣ್ಣು ಕುಂತು ಕುಂತು ಬೆಳಕ ಹೋಗಿರಲಿಲ್ಲ. ಒರಸಿ ಬಿಸಿಲಿಗಿಟ್ಟೆ, ಎದ್ದು ಕುಂತಿತು. ಮಸ್ತ್ ಐತಿ."

"ದಿನಾ ಟೈಮು ಸರೀ ತೋರಸತೈತೇನು?"

"ಯಾರಿಗೊತ್ತು? ನಾ ಟೈಮ್ ನೋಡೋದು ಮೊಬೈಲ್‌ನಾಗ!"

ಮರಳಿ ಬರುವಾಗ ಸಂಡೂರಿನವರೆಗೆ ಮಾಮ ಧೋತರದ ಚುಂಗಿಗೆ ಹತ್ತಿದ ಕೆಂಪು ಮಣ್ಣು ಜಾಡಿಸುತ್ತಲೇ ಕೂತಿದ್ದರು. ಆಮೇಲೆ, "ಬಿಸಿಲೊಂದಿದ್ರ ಸಾಲದು ಅಳಿಯಾ. ದಿನಾ ಒರಸೋ ಕೈ ಬೇಕು" ಎಂದರು. ದೊಡ್ಡ ಸಂಶೋಧನೆ ಮಾಡಿದವರ ದನಿ. ನಾನು ನಿದ್ದೆ ಹೋದೆ.

ಇನ್ನೂ ನಾಲ್ಕು ಜನರನ್ನು ಕೇಳಬೇಕಿತ್ತಂತೆ. ಎಲ್ಲಿ ಸಿಗುತ್ತಾರೆ? "ಹಂಪಿಗೆ ದೇಶ ದೇಶದ ಮಂದಿ ಬರತಾರ, ಅವರ ಕೈಯಾಗ ಇದ್ದೇ ಇರತೈತಿ" ಎಂಬುದು ಮಾಮನ ತರ್ಕ. ಹೋದೆವು. ಹಂಪಿಗೆ ಹೋಗಿ ಗೋಪುರಕ್ಕೆ ಬೆನ್ನು ಮಾಡಿ ಜನರ ಮಣಿಕಟ್ಟು ನೋಡುತ್ತ ನಿಂತವರು ಇವರೊಬ್ಬರೇ ಇರಬೇಕು. ಅರ್ಧ ಗಂಟೆಯಲ್ಲಿ ಕಾವಲಿನವರು ಬಂದರು.

"ಯಜಮಾನ್ರ, ಅವಾಗ್ಲಿಂದ ನೋಡಾಕ ಹತ್ತೀನಿ. ಮಂದಿ ಕೈಮ್ಯಾಲೆ ಯಾಕ ಕಣ್ಣು ನಿಮ್ದು?"

"ಟೈಮ್ ಎಷ್ಟು ಅಂತ..."

"ಹನ್ನೊಂದೂವರಿ. ನಡೀರಿ ಮುಂದ!"

ಮುಂದೆ ನಡೆದೆವು. ಪುಷ್ಕರಣಿಗೆ ನೀರು ತರುತ್ತಿದ್ದ ಹಳೆಯ ಕಲ್ಲಿನ ಕಾಲುವೆ ಸಾಲಾಗಿ ಕಂಬಗಳ ಮೇಲೆ ನಿಂತಿದೆಯಲ್ಲ, ಅದರ ಕೆಳಗೆ ಮಾಮ ನಿಂತುಬಿಟ್ಟರು. ಕಲ್ಲಿನ ಇಳಿಜಾರಿನ ಉದ್ದಕ್ಕೂ ಕಣ್ಣು ಹಾಯಿಸಿ, ಆ ದಿನ ಮೊದಲ ಬಾರಿಗೆ ಗಡಿಯಾರ ಮರೆತು ಕೇಳಿದರು: "ಇದಕ್ಕ ಪಾಳಿ ನೋಡೋನು ಏನ್ ನೋಡಿ ಗೇಟು ಬಿಡ್ತಿದ್ದ ಅಳಿಯಾ? ಅವನ ಕೈಯಾಗ ಏನಿತ್ತು?"

ನನಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಿದೆ.

"ಅವನಿಗೂ ಒಂದಿನ ತಪ್ಪಿರಬೇಕು" ಎಂದು ತಮಗೆ ತಾವೇ ಹೇಳಿಕೊಂಡು ಬಸ್ಸಿನ ಕಡೆ ನಡೆದರು.

ಬೇಸಿಗೆ ಬಂತು. ನನ್ನ ತಾಳ್ಮೆ ಬತ್ತಿತು. ಬಜೆಟ್ಟಿಗೆ ಒಗ್ಗುವ ಆರು ಮಾದರಿಗಳನ್ನು ಫೋನಿನಲ್ಲಿ ಪಟ್ಟಿ ಮಾಡಿ ಮುಂದಿಟ್ಟೆ. ಮಾಮ ಒಂದೊಂದಾಗಿ ಹೊಡೆದುಹಾಕಿದರು. ಒಂದರ ಮುಖ ದೊಡ್ಡದು, "ತಾಟು ಕಟ್ಟಿಕೊಂಡಂಗಾಗತೈತಿ". ಒಂದಕ್ಕೆ ಉಕ್ಕಿನ ಪಟ್ಟಿ, "ಕೆಸರು ಸಂದ್ಯಾಗ ಕುಂದ್ರತೈತಿ". ಒಂದರಲ್ಲಿ ತಾರೀಖು, ವಾರ, ಇನ್ನೂ ಮೂರು ಸಣ್ಣ ಮುಳ್ಳು, "ಒಬ್ಬರ ಮನ್ಯಾಗ ಐದು ಸಂಸಾರ ಬ್ಯಾಡ". ಇನ್ನೆರಡರಲ್ಲಿ ಅಂಕಿಯಿಲ್ಲ, ಬರೀ ಗೀಟು.

"ಅಂಕಿ ಬೇಕು. ಒಂದರಿಂದ ಹನ್ನೆರಡು, ದಪ್ಪಾಗಿ."

"ನಲವತ್ತು ವರ್ಷ ಗೀಟಿನ ಗಡಿಯಾರವನ್ನೇ ಕಟ್ಟೀರಲ್ಲ ಮಾಮಾ?"

"ಕಟ್ಟಿದ್ದೆ. ಈಗ ಅಂಕಿ ಬೇಕು."

ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಆರನೆಯದು ಉಳಿಯಿತು. ನಡುಗಾತ್ರದ ಮುಖ, ದಪ್ಪ ಅಂಕಿ, ಬಟ್ಟೆಯ ಪಟ್ಟಿ.

ಆ ಮೇ ಭಾನುವಾರ ಅಂಗಡಿಯಲ್ಲಿ ಮಾಮ ಜೇಬಿನಿಂದ ಒಂದು ದಾರ ತೆಗೆದರು. ದಾರಕ್ಕೆ ಎರಡು ಗಂಟು. "ಪಟ್ಟಿ ಇಷ್ಟಕ್ಕ ಬಿಗೀಬೇಕು. ತೂತು ಸಾಲದಿದ್ರ ಇನ್ನೆರಡು ಹೊಡೀರಿ" ಎಂದರು. ಅಂಗಡಿಯವರು ಅವರ ಕೈ ನೋಡಿದರು, ದಾರ ನೋಡಿದರು, ನನ್ನನ್ನು ನೋಡಿದರು. ಮಾಮನ ಮಣಿಕಟ್ಟು ಗೇಟು ತಿರುಗಿಸಿ ತಿರುಗಿಸಿ ಗುದ್ದಲಿಯ ಕಾವಿನಂತಾಗಿದೆ. ದಾರದ ಅಳತೆ ಅದಕ್ಕಿಂತ ಸಾಕಷ್ಟು ಸಣ್ಣದಿತ್ತು. ಜೇಬಿನಲ್ಲಿ ಎಳೆದಾಡಿ ಹಾಗಾಗಿರಬೇಕು ಎಂದು ನಾನು ತೀರ್ಮಾನಿಸಿದೆ. ಎಳೆದರೆ ದಾರ ಉದ್ದವಾಗುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ ಎಂಬುದು ಹೊಳೆಯಲಿಲ್ಲ. ದಿನಾ ಬೇರೆಯವರ ತಪ್ಪು ಹಿಡಿಯುವವನ ಕಣ್ಣು ರಜೆಯ ದಿನ ಹೀಗಿರುತ್ತದೆ.

ಎರಡು ತೂತು ಹೊಡೆದರು. ಕೀಲಿ ಒಳಗೆ ಒತ್ತಿದರು. ಮುಳ್ಳು ಹತ್ತೂ ಹತ್ತರಲ್ಲಿತ್ತು, ಗೋಡೆಯ ಗಡಿಯಾರದಲ್ಲೂ ಸರಿಯಾಗಿ ಅಷ್ಟೇ ಆಗಿತ್ತು. ಮಾಮ ಜೇಬಿಗೆ ಕೈ ಹಾಕಲಿಲ್ಲ. ಗಾಜಿನ ಪೆಟ್ಟಿಗೆಯ ಮೇಲೆ ಮೊಣಕೈ ಊರಿ, ಉಸಿರು ಹಿಡಿದು ನೋಡುತ್ತ ನಿಂತರು. ಅಂಗಡಿಯವರೂ ನಿಂತರು, ನಾನೂ ನಿಂತೆ. ಮುಳ್ಳು ಹತ್ತೂ ಹನ್ನೊಂದಕ್ಕೆ ಸರಿಯಿತು.

"ದಾಟಿತು. ತಗೋರಿ ರೊಕ್ಕ" ಎಂದರು.

ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅವರನ್ನು ಊರು ಮುಟ್ಟಿಸಲೆಂದು ಕಂಪ್ಲಿ ಬಸ್ಸು ಹತ್ತಿದೆ. ಮಾಮ ಗಡಿಯಾರವನ್ನು ಕಟ್ಟಿಕೊಳ್ಳದೆ ಅಂಗೈ ಮೇಲಿಟ್ಟುಕೊಂಡು ಕೈಯನ್ನು ಕಿಟಕಿಯ ಹೊರಗೆ ಚಾಚಿ ಕೂತರು.

"ಕಟ್ಟಿಕೊಳ್ರಿ ಮಾಮಾ."

"ಇನ್ನೂ ಹಸದೈತಿ. ಮೊದ್ಲು ಉಣ್ಲಿ."

ಕಂಡಕ್ಟರ್ ಹಿಂದಿನಿಂದ ಕೂಗಿದರು: "ಓ ಯಜಮಾನ್ರ! ಕೈ ಒಳಗ ತಗೋರಿ! ಎದರಿಗೆ ಟಿಪ್ಪರ್ ಬಂದ್ರ ಗಡ್ಯಾರ ಉಳಿತೈತಿ, ಕೈ ಉಳಿಯಂಗಿಲ್ಲ!"

ಜೂನ್ ಪೂರ್ತಿ ಪರೀಕ್ಷೆ. ಒಂದು ವಾರ ಮಾಳಿಗೆಯ ಮೇಲೆ ಅತ್ತೆಯ ಸಂಡಿಗೆಯ ಪಕ್ಕ ಗಡಿಯಾರ ಒಣಗಿತು. ಒಂದು ದಿನ ಬಕೆಟ್ಟಿನ ನೀರಲ್ಲಿ ಮುಳುಗಿತು. ಆಮೇಲೆ ಕತ್ತಲಲ್ಲಿ ಎಷ್ಟು ದಿನ ಓಡುತ್ತದೆಂದು ನೋಡಲು ಮಾಮ ಅದನ್ನು ಎಲ್ಲೋ ಬಚ್ಚಿಟ್ಟರು. ನಾಲ್ಕನೆಯ ದಿನ ಅತ್ತೆ ನನಗೆ ಫೋನು ಮಾಡಿದರು.

"ಅಕ್ಕಿ ಡಬ್ಬ್ಯಾಗ ಗಡ್ಯಾರ ಸಿಕ್ಕೈತಪಾ. ಇನ್ನ ಬ್ಯಾಳಿ ಡಬ್ಬಿ ತೆಗಿಯಾಕ ಅಂಜಿಕಿ ಆಗತೈತಿ. ನಿಮ್ಮ ಮಾಮ ಅದರಾಗ ಏನಿಟ್ಟಾನೋ!"

ಇದರ ಜೊತೆಗೆ ದಿನಾ ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯವರ ಫೋನಿನಿಂದ ನನಗೆ ಕರೆ. "ಟೈಮ್ ಎಷ್ಟು?" ನಾನು ಹೇಳಬೇಕು. "ಸರಿ ಐತಿ" ಎಂದು ಇಟ್ಟುಬಿಡುವುದು. ಕರೆ ಮಾಡಿದ ಫೋನಿನಲ್ಲೇ ಸಮಯ ಇರುತ್ತದಲ್ಲ ಎಂದರೆ, "ಅದನ್ನ ನಂಬೋಕಿಂತ ನಿನ್ನ ನಂಬತೀನಿ" ಎಂದರು. ನಾನು ನೋಡಿ ಹೇಳುತ್ತಿದ್ದುದೂ ಫೋನನ್ನೇ. ಅದನ್ನು ಹೇಳಲಿಲ್ಲ.

ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಆಗಸ್ಟಿನ ಒಂದು ಭಾನುವಾರ, ಪಾಳಿ ಶುರುವಾದ ಮೇಲೆ, ಯಾರೂ ಕರೆಯದೆ ನಾನೇ ಬಸ್ಸು ಹತ್ತಿದೆ. ಆರು ತಿಂಗಳ ರಜೆ ತಿಂದ ಗಡಿಯಾರ ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಮಾಮ ತೂಬಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಆರನೆಯ ಗದ್ದೆಯ ಯಜಮಾನರು, ಜೊತೆಗೆ ಇನ್ನಿಬ್ಬರು. ಅತ್ತೆ ಬುತ್ತಿ ತಂದಿದ್ದರು. ಮಾಮನ ಕೈ ನೋಡಿದೆ. ಬರಿಗೈ!

"ಗಡ್ಯಾರ ಎಲ್ಲಿ ಮಾಮಾ?"

"ಐತಿ."

ಮಾಮ ಎದ್ದು ನಿಂತು, ಎರಡೂ ಕೈ ಬಾಯಿಗೆ ಮರೆ ಮಾಡಿ ಕೆಳಗಿನ ಗದ್ದೆಗಳ ಕಡೆ ಕೂಗಿದರು: "ತಂಗೀ! ಎಷ್ಟಾತವ್ವಾ?"

ದೂರದಲ್ಲಿ, ಕೊನೆಯ ಬದುವಿನ ಮೇಲೆ ನಿಂತ ಹೆಂಗಸೊಬ್ಬಳು ಸೆರಗಿನಿಂದ ಮಣಿಕಟ್ಟು ಒರೆಸಿ ನೋಡಿದಳು. "ಮೂರೂ ಇಪ್ಪತ್ತಾತಣ್ಣಾ!"

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಬುತ್ತಿಯ ಗಂಟು ಬಿಚ್ಚುತ್ತ, "ದಾರ ನಾ ತಂದಿದ್ದೆ. ಬಳಿ ಅಳತಿ ಅಂತ ಸುಳ್ಳು ಹೇಳಿ ಹುಲಿಗೆಮ್ಮನ ಕೈಯಿಂದ ತಗೊಂಡಿದ್ದೆ" ಎಂದರು. "ಆಕಿ ಒಲ್ಲೆ ಅಂದ್ಲು. ನಿಮ್ಮ ಮಾಮ ಬದುವಿನ ಮ್ಯಾಲಿಟ್ಟು, ಇದು ನಿಂತ್ರ ಮೊದ್ಲು ನಿನಗ ಗೊತ್ತಾಗಬೇಕವ್ವಾ ಅಂದು ಬಂದುಬಿಟ್ಟ. ಮರುದಿನ ನೋಡಿದ್ರ ಕಟ್ಟಿಕೊಂಡಿದ್ಲು. ಅಂಕಿ ಓದಾಕ ಬರತೈತಿ ಆಕಿಗೆ."

ಆರನೆಯ ಗದ್ದೆಯ ಯಜಮಾನರಿಗೆ ಇದು ಮೊದಲಿಂದಲೂ ಹಿಡಿಸಿರಲಿಲ್ಲ. "ಅಲ್ಲಪಾ, ಕೊನೀ ಪಾಳಿಯಾಕಿ ಕೈಯಾಗ ಗಡ್ಯಾರ ಕೊಟ್ರ ಹೆಂಗ? ಆಕಿ ಹತ್ತು ನಿಮಿಷ ಮುಂದ ಮಾಡಿಕೊಂಡ್ರ?"

"ಮಾಡಿಕೊಳ್ಳಲಿ" ಎಂದರು ಮಾಮ. "ನಾ ಎರಡು ತಾಸು ನಿಲ್ಲಿಸಿದ್ದೆ."

ಯಜಮಾನರು ಮೊಬೈಲ್ ಜೇಬಿಗಿಟ್ಟುಕೊಂಡರು.

ಬುತ್ತಿ ಉಂಡೆವು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮಾಮ ಅರ್ಧಕ್ಕೇ ಕೈ ತೊಳೆದುಕೊಂಡು ಎದ್ದರು. ಅವರ ಕುತ್ತಿಗೆಯ ಮೇಲೆ ಬೆವರಿತ್ತು.

"ಎಷ್ಟಾತವ್ವಾ?"

"ಮೂರೂ ನಲವತ್ತಣ್ಣಾ!"

ಮಾಮ ಕೂರಲಿಲ್ಲ. ಗೇಟಿನ ಹಿಡಿಕೆಯ ಮೇಲೆ ಕೈಯಿಟ್ಟು ಹಾಗೇ ನಿಂತರು. ಕೆಳಗೆ ಆರನೆಯ ಗದ್ದೆಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೂಗಿದರು. ಈ ಸಲ ದನಿ ಅಷ್ಟು ದೊಡ್ಡದಿರಲಿಲ್ಲ.

"ಈಗ?"

ಅವಳು ಮಣಿಕಟ್ಟನ್ನು ಕಣ್ಣ ಹತ್ತಿರ ತಂದು ನೋಡಿ, ಆ ಕೈಯನ್ನು ನಮಗೆ ಕಾಣುವಂತೆ ಮೇಲೆತ್ತಿ ಹಿಡಿದಳು.

"ಮೂರೂ ನಲವತ್ತೊಂದಾತಣ್ಣಾ! ದಾಟೇತಿ!"

ನಾಲ್ಕು ಗಂಟೆಗೆ ಮಾಮ ನೀರನ್ನು ಕೊನೆಯ ಗದ್ದೆಯ ಕಡೆ ತಿರುಗಿಸಿದರು. ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಅದು ಹುಲಿಗೆಮ್ಮನ ಬದು ಮುಟ್ಟಿತು.